ಸೆಮಿನಾರಿಗೆ ಮಾತಾಡೋರನ್ನ ಆರಿಸೋದು ಹೇಗೆ: ಮೊದಲ ಮೀಟಿಂಗಿಂದ ವಂದನಾರ್ಪಣೆ ತನಕ

ಸಂಘದ ಸೆಮಿನಾರು ಮುಗಿದ ಮೇಲೆ ಬರೋ ಕಂಪ್ಲೇಂಟು ಎಲ್ಲಾ ಊರಲ್ಲೂ ಒಂದೇ. "ಊಟ ಚೆನ್ನಾಗಿತ್ತು, ಭಾಷಣ ಮಾತ್ರ ತಲೆಗೆ ಹೋಗ್ಲಿಲ್ಲ." ಹಾಲಿಗೆ ಒಂದು ಕಮಿಟಿ, ಊಟಕ್ಕೆ ಒಂದು ಕಮಿಟಿ, ಬ್ಯಾಗು ಪೆನ್ನು ಬ್ಯಾನರಿಗೆ ಇನ್ನೊಂದು, ಆದ್ರೆ ಜನ ಯಾರ ಮಾತು ಕೇಳೋಕೆ ಬರ್ತಾರೋ ಅವರನ್ನ ಆರಿಸೋ ಕೆಲ್ಸ ಮಾತ್ರ ಸೆಕ್ರೆಟರಿ ಫೋನಲ್ಲಿರೋ ಕಾಂಟ್ಯಾಕ್ಟ್ ಲಿಸ್ಟಿಗೆ ಬಿಟ್ಟಿರ್ತೀವಿ. "ಅವ್ರನ್ನ ಕರಿಯೋಣ, ಚೆನ್ನಾಗಿ ಮಾತಾಡ್ತಾರಂತೆ" ಅನ್ನೋ ಆ "ಅಂತೆ" ಮೇಲೆ ಇಡೀ ದಿನ ನಿಂತಿರುತ್ತೆ.

ಬರೀ ತತ್ವ ಹೇಳಿದ್ರೆ ಉಪಯೋಗ ಇಲ್ಲ, ಅದಕ್ಕೆ ಒಂದೇ ಉದಾಹರಣೆ ಹಿಡ್ಕೊಂಡು ಕೊನೇತನಕ ಹೋಗ್ತೀನಿ. ಹುಬ್ಬಳ್ಳಿಯ ಸಣ್ಣ ಕೈಗಾರಿಕೆಯವರ ಒಂದು ಸಂಘ ಅಂದ್ಕೊಳ್ಳಿ. ಗೋಕುಲ ರೋಡು, ತಾರಿಹಾಳ ಕಡೆ ಮಷಿನ್ ಶಾಪು, ಫ್ಯಾಬ್ರಿಕೇಶನ್ನು, ಪ್ಯಾಕಿಂಗ್ ಯೂನಿಟ್ ಇಟ್ಕೊಂಡಿರೋ ಮಾಲೀಕರು. ಒಂದು ದಿನದ ಸೆಮಿನಾರು, ವಿಷಯ ದೊಡ್ಡ ಪಾರ್ಟಿಗಳಿಂದ ಬರಬೇಕಾದ ಬಾಕಿ ಪೇಮೆಂಟು. ಡಾಕ್ಟರ್‌ಗಳ ಕಲಿಕಾ ಕಾರ್ಯಕ್ರಮ (ಸಿಎಂಇ), ಸಿಎಗಳ ಸ್ಟಡಿ ಸರ್ಕಲ್, ಕಂಪನಿಯ ಡೀಲರ್ ಮೀಟು, ಯಾವುದೇ ಇರ್ಲಿ, ಕ್ರಮ ಇದೇ.

ಬೇಕಾಗೋದು ಜಾಸ್ತಿ ಏನಿಲ್ಲ. ಒಂದು ಎಕ್ಸೆಲ್ ಶೀಟು, ಒಂದು ಗೂಗಲ್ ಫಾರ್ಮು, ಫೋನ್ ಕಾಲಿಗೆ ಕೂರೋಕೆ ವಿಷಯ ಗೊತ್ತಿರೋ ಒಬ್ಬ ಮೆಂಬರು, ಮತ್ತೆ ಎಂಟು ವಾರ ಟೈಮು. ಮೂರು ವಾರ ಇದ್ದಾಗ ಶುರು ಮಾಡಿದ್ರೆ ಯಾರು ಫ್ರೀ ಇದ್ದಾರೋ ಅವ್ರೇ ಬರ್ತಾರೆ, ಅದನ್ನ ಆಯ್ಕೆ ಅನ್ನೋಕಾಗಲ್ಲ.

ಹಂತ 1: ಹೆಸರು ಬೇಡ, ಮೊದಲು ಒಂದು ವಾಕ್ಯ ಬರೀರಿ

ಮೊದಲ ಮೀಟಿಂಗಲ್ಲಿ ಯಾರೂ ಯಾರ ಹೆಸರೂ ಎತ್ತಬಾರ್ದು ಅಂತ ರೂಲ್ ಮಾಡಿ. ಕಷ್ಟ ಇದೆ, ಗೊತ್ತು. ಟೀ ಬರೋಕೆ ಮುಂಚೆನೇ ಮೂರು ಹೆಸರು ಬಂದಿರುತ್ತೆ, ಅದ್ರಲ್ಲಿ ಒಂದು ಅಧ್ಯಕ್ಷರ ಬೀಗರದ್ದಾಗಿರುತ್ತೆ.

ಅದ್ರ ಬದ್ಲು ಬೋರ್ಡ್ ಮೇಲೆ ಒಂದು ವಾಕ್ಯ ಬರೀರಿ: ಸೆಮಿನಾರ್ ಮುಗಿಸ್ಕೊಂಡು ಹೋದ ಮೆಂಬರ್ ಸೋಮವಾರ ಬೆಳಿಗ್ಗೆ ತನ್ನ ಆಫೀಸಲ್ಲಿ ಕೂತು ಏನು ಮಾಡಬೇಕು? "ಎಂಎಸ್‌ಎಂಇ ಕಾಯ್ದೆ ಬಗ್ಗೆ ಅರಿವು ಮೂಡಿಸುವುದು" ಅನ್ನೋದು ಉತ್ತರ ಅಲ್ಲ, ಅದು ಇನ್ವಿಟೇಶನ್ ಭಾಷೆ. (ಸಣ್ಣ ಉದ್ಯಮಗಳಿಗೆ ಬರಬೇಕಾದ ಬಾಕಿಗೆ ಗಡುವು ಹಾಕೋ ಕಾಯ್ದೆ ಅದು.) "ಬಾಕಿ ಇರೋ ಬಿಲ್‌ಗಳನ್ನ ದಿನದ ಲೆಕ್ಕದಲ್ಲಿ ವಿಂಗಡಿಸಿ, ಯಾವುದಕ್ಕೆ ನೋಟಿಸ್ ಕೊಡಬೇಕು, ಯಾವುದನ್ನ ಬಾಕಿ ಪೇಮೆಂಟಿನ ದೂರು ತಗೊಳ್ಳೋ ಸರ್ಕಾರಿ ಪೋರ್ಟಲಿಗೆ ಹಾಕಬೇಕು, ಯಾವುದನ್ನ ಸುಮ್ನೆ ಬಿಡಬೇಕು ಅಂತ ಅವ್ರೇ ತೀರ್ಮಾನ ಮಾಡೋ ಹಾಗಾಗಬೇಕು" ಅನ್ನೋದು ಉತ್ತರ. ಹೀಗೆ ಬರೆದ ತಕ್ಷಣ ಅರ್ಧ ಹೆಸರು ತಾವಾಗೇ ಬಿದ್ದುಹೋಗುತ್ತೆ. ಮೋಟಿವೇಶನಲ್ ಸ್ಪೀಕರ್ ಬೇಡ ಅಂತ ಯಾರೂ ವಾದ ಮಾಡಬೇಕಾಗಿಲ್ಲ, ಆ ವಾಕ್ಯನೇ ಹೇಳುತ್ತೆ.

ಅಪಾಯದ ಸೂಚನೆ: ಒಂದೇ ವಾಕ್ಯದಲ್ಲಿ ಮೂರು ಗುರಿ ಬಂದ್ರೆ ನಿಮಗೆ ಬೇಕಾಗಿರೋದು ಮೂರು ಸೆಷನ್ನು. ಒಬ್ಬರ ತಲೆಗೇ ಮೂರನ್ನೂ ಕಟ್ಟಬೇಡಿ.

ಹಂತ 2: ಕೇಳೋರನ್ನೇ ಕೇಳಿ

ಮೆಂಬರ್ಸ್ ವಾಟ್ಸಾಪ್ ಗ್ರೂಪಲ್ಲಿ ಗೂಗಲ್ ಫಾರ್ಮ್ ಹಾಕಿ, ಮೂರೇ ಪ್ರಶ್ನೆ ಇರಲಿ: ಈ ವಿಷಯದಲ್ಲಿ ನಿಮಗೆ ಈಗ ಇರೋ ತೊಂದರೆ ಏನು, ಇಲ್ಲಿವರೆಗೆ ಏನು ಮಾಡಿ ನೋಡಿದ್ದೀರ, ಯಾವ ಭಾಷೆಯಲ್ಲಿ ಹೇಳಿದ್ರೆ ಅನುಕೂಲ. ಫಾರ್ಮ್ ತುಂಬದೇ ಇರೋರೇ ಜಾಸ್ತಿ, ಅವರಲ್ಲಿ ಒಂದಷ್ಟು ಜನಕ್ಕೆ ಫೋನ್ ಮಾಡಿ. ಫಾರ್ಮಲ್ಲಿ "ಲೀಗಲ್ ರೆಮಿಡೀಸ್ ತಿಳಿಯಬೇಕು" ಅಂತ ಬರೆದವ್ರೇ ಫೋನಲ್ಲಿ "ಸರ್ರ, ಕಾಯ್ದೆ ಎಲ್ಲಾ ಇರ್ಲಿ, ನಮ್ಮ ರೊಕ್ಕ ಯಾವಾಗ ಬರ್ತೈತಿ ಅಷ್ಟ ಹೇಳಸ್ರಿ" ಅಂತಾರೆ. ನಿಮಗೆ ಬೇಕಾಗಿರೋದು ಆ ಮಾತು. ಅದನ್ನ ಹಾಗ್‌ಹಾಗೇ ಶೀಟಲ್ಲಿ ಬರ್ಕೊಳ್ಳಿ, ಹಂತ 6ರಲ್ಲಿ ಕೆಲಸಕ್ಕೆ ಬರುತ್ತೆ.

ಭಾಷೆ ವಿಷ್ಯ ಸಣ್ಣದಲ್ಲ. ಬೆಂಗಳೂರಿನ ಹೋಟೆಲಲ್ಲಿ ಇಂಗ್ಲಿಷಲ್ಲಿ ಅದ್ಭುತವಾಗಿ ಮಾತಾಡಿದವರು ಹುಬ್ಬಳ್ಳಿ, ದಾವಣಗೆರೆ, ತುಮಕೂರಲ್ಲಿ ಅದೇ ಸ್ಲೈಡ್ ಇಟ್ಕೊಂಡು ನಿಂತ್ರೆ ಮೊದಲ ಹತ್ತು ನಿಮಿಷ ಎಲ್ಲರೂ ಮರ್ಯಾದೆಗೆ ಕೇಳ್ತಾರೆ, ಆಮೇಲೆ ಒಬ್ಬೊಬ್ಬರೇ ಫೋನ್ ಬಂದ ಹಾಗೆ ಎದ್ದು ಆಚೆ ಹೋಗ್ತಾರೆ. ಅಚ್ಚಗನ್ನಡವೇ ಬೇಕು ಅಂತ ನಾನು ಹೇಳ್ತಿಲ್ಲ. ಇನ್ವಾಯ್ಸು, ಕ್ರೆಡಿಟ್ ಪೀರಿಯಡ್ಡು ಅಂತ ನಾವು ಆಡೋ ಮಾತಲ್ಲೇ ಹೇಳಿದ್ರೆ ಸಾಕು, ಆದ್ರೆ ವಾಕ್ಯ ಕನ್ನಡದ್ದಾಗಿರಬೇಕು, ಪ್ರಶ್ನೆ ಕನ್ನಡದಲ್ಲಿ ಬಂದ್ರೆ ಉತ್ತರನೂ ಕನ್ನಡದಲ್ಲಿ ಬರಬೇಕು.

ಹಂತ 3: ಮುಖ್ಯ ಅತಿಥಿ ಬೇರೆ, ಉಪನ್ಯಾಸ ಕೊಡೋರು ಬೇರೆ

ನಮ್ಮಲ್ಲಿ ಅತಿ ಹೆಚ್ಚು ಸೆಮಿನಾರು ಕೆಡೋದು ಇಲ್ಲೇ. ಶಾಸಕರನ್ನೋ ದೊಡ್ಡ ಉದ್ಯಮಿಯನ್ನೋ ಗೌರವಕ್ಕೆ ಕರೀತೀವಿ, ಅದು ತಪ್ಪಲ್ಲ, ಸಂಘಕ್ಕೆ ಅವರ ಸಂಬಂಧ ಬೇಕೇ ಬೇಕು. ಆದ್ರೆ ಅವರಿಗೇ ವಿಷಯ ಮಂಡನೆನೂ ಕೊಟ್ರೆ ಅವರಿಗೂ ಮುಜುಗರ, ಕೇಳೋರಿಗೂ ಹಿಂಸೆ. ಶೀಟಲ್ಲಿ ಎರಡು ಕಾಲಂ ಮಾಡಿ, ಒಂದು ಗೌರವಕ್ಕೆ, ಒಂದು ಕೆಲಸಕ್ಕೆ. ಒಂದೇ ಹೆಸರು ಎರಡರಲ್ಲೂ ಬರಬಾರ್ದು.

ಜೊತೆಗೆ ವೇದಿಕೆ ಟೈಮಿನ ಲೆಕ್ಕ ಈಗ್ಲೇ ಹಾಕಿ. ನಾಡಗೀತೆಗೆ ಸರ್ಕಾರ 2022ರಲ್ಲಿ ಎರಡೂವರೆ ನಿಮಿಷ ಅಂತ ನಿಗದಿ ಮಾಡಿದೆ, ಇಡೀ ಕಾರ್ಯಕ್ರಮದಲ್ಲಿ ಟೈಮಿಗೆ ಮುಗಿಯೋದು ಅದೊಂದೇ. ಆಮೇಲೆ ದೀಪ, ಸ್ವಾಗತ, ಪ್ರಾಸ್ತಾವಿಕ, ವೇದಿಕೆ ಮೇಲಿರೋ ಎಲ್ಲರಿಗೂ ಶಾಲು ಹಾರ ಪೇಟ ಹಣ್ಣಿನ ಬುಟ್ಟಿ, ಪ್ರತಿ ಸಲಕ್ಕೂ ಫೋಟೋ, ಮುಖ್ಯ ಅತಿಥಿಗಳ "ಎರಡೇ ಮಾತು". ಹತ್ತೂವರೆಗೆ ಅಂತ ಕಾರ್ಡಲ್ಲಿ ಹಾಕಿರೋ ಕಾರ್ಯಕ್ರಮದಲ್ಲಿ ಬೆಂಗಳೂರಿಂದ ಬಂದಿರೋ ಪರಿಣತರ ಕೈಗೆ ಮೈಕ್ ಸಿಗೋದು ಹನ್ನೆರಡೂ ಕಾಲಿಗೆ, ಆಗ ಹಿಂದಿನಿಂದ ಚಪಾತಿ ವಾಸನೆ ಶುರುವಾಗಿರುತ್ತೆ, ಸೆಕ್ರೆಟರಿ ಬಂದು ಕಿವೀಲಿ "ಸರ್, ಸ್ವಲ್ಪ ಶಾರ್ಟ್ ಮಾಡಿ" ಅಂತಾರೆ.

ಪರಿಹಾರ ಸರಳ, ಆದ್ರೆ ಕಮಿಟಿಯನ್ನ ಒಪ್ಪಿಸಬೇಕು: ವಿಷಯದ ಸೆಷನ್ ಮೊದಲು ಇಡಿ, ವೇದಿಕೆ ಕಾರ್ಯಕ್ರಮ ಊಟಕ್ಕೆ ಮುಂಚೆ ಇಡಿ. ಅತಿಥಿಗಳಿಗೂ ಬೆಳಿಗ್ಗೆ ಓಡಿ ಬರೋದು ತಪ್ಪುತ್ತೆ, ಹಾಲೂ ತುಂಬಿರುತ್ತೆ.

ಇನ್ನೊಂದು, ಸಚಿವರು ಶಾಸಕರನ್ನ ಕರೆಯೋದಿದ್ರೆ ಆ ದಿನಾಂಕಕ್ಕೆ ಯಾವುದಾದ್ರೂ ಚುನಾವಣೆ ನೀತಿ ಸಂಹಿತೆ ಬರೋ ಸಾಧ್ಯತೆ ಇದೆಯಾ ನೋಡ್ಕೊಳ್ಳಿ. ಕಾರ್ಡ್ ಪ್ರಿಂಟ್ ಆದ ಮೇಲೆ ಘೋಷಣೆ ಆದ್ರೆ ಎಲ್ಲಾ ತಲೆಕೆಳಗು.

ಹಂತ 4: ಹೆಸರು ಹುಡುಕೋದು

ಈಗ ಹೆಸರು. ಐದಾರು ಸಾಕು, ಇಪ್ಪತ್ತು ಬೇಡ. "ಟಾಪ್ ಸ್ಪೀಕರ್ಸ್" ಅಂತ ಗೂಗಲ್ ಮಾಡಿದ್ರೆ ಮಾತಾಡೋದನ್ನೇ ಕಸುಬು ಮಾಡ್ಕೊಂಡಿರೋರು ಸಿಗ್ತಾರೆ, ನಮಗೆ ಬೇಕಾಗಿರೋದು ಆ ಕೆಲಸ ಮಾಡ್ತಾ ಮಾತೂ ಆಡಬಲ್ಲೋರು. ನಮ್ಮ ಉದಾಹರಣೆಯಲ್ಲಿ ಮೂರು ಕಡೆ ಕೇಳಬಹುದು: ಸಿಎಗಳ ಸಂಸ್ಥೆ ಐಸಿಎಐನ ಹುಬ್ಬಳ್ಳಿ ಶಾಖೆಯಲ್ಲಿ ಯಾರು ಈ ವಿಷಯದ ಮೇಲೆ ಕ್ಲಾಸ್ ತಗೊಂಡಿದ್ದಾರೆ ಅಂತ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ, ನಿಜವಾಗ್ಲೂ ಇಂಥ ಬಾಕಿ ಕೇಸು ನೋಡೋ ಫೆಸಿಲಿಟೇಶನ್ ಕೌನ್ಸಿಲಿಗೆ ಹೋಗಿ ದುಡ್ಡು ವಸೂಲಿ ಮಾಡ್ಕೊಂಡಿರೋ ಒಬ್ಬ ಮಾಲೀಕರ ಹತ್ರ "ನಿಮ್ಮ ಕೇಸ್ ನೋಡ್ಕೊಂಡಿದ್ದು ಯಾರು" ಅಂತ. ಮೂರನೇ ದಾರಿಯಲ್ಲಿ ಸಿಕ್ಕ ಹೆಸರನ್ನ ಶೀಟಲ್ಲಿ ಮೊದಲಿಗೆ ಹಾಕಿ.

ಹಂತ 5: ವಿಡಿಯೋ ನೋಡಿ, ಆದ್ರೆ ರೀಲ್ ಅಲ್ಲ

ಒಂದು ನಿಮಿಷದ ರೀಲಲ್ಲಿ ಎಲ್ಲರೂ ಚೆನ್ನಾಗೇ ಮಾತಾಡ್ತಾರೆ. ಎಡಿಟ್ ಆಗದೇ ಇರೋ ಪೂರ್ತಿ ರೆಕಾರ್ಡಿಂಗ್ ಕೇಳಿ ತರಿಸ್ಕೊಳ್ಳಿ. ಅದರಲ್ಲೂ ಪ್ರಶ್ನೋತ್ತರದ ಭಾಗ ಮೊದಲು ನೋಡಿ. ಭಾಷಣ ಉರು ಹೊಡೀಬಹುದು, ಪ್ರಶ್ನೆಗೆ ಉತ್ತರ ಉರು ಹೊಡಿಯೋಕಾಗಲ್ಲ. ಪ್ರಶ್ನೆ ಕೇಳಿದವನ ಕೇಸು ಏನು ಅಂತ ತಿರುಗಿ ಕೇಳ್ತಾರಾ, ಅಥವಾ "ಒಳ್ಳೇ ಪ್ರಶ್ನೆ" ಅಂತ ಹೇಳಿ ತಮ್ಮ ಸ್ಲೈಡಿಗೇ ವಾಪಸ್ ಹೋಗ್ತಾರಾ? ಪೂರ್ತಿ ವಿಡಿಯೋ ಎಲ್ಲೂ ಇಲ್ಲ ಅಂದ್ರೆ ಅದೇ ದೊಡ್ಡ ದೋಷ ಏನಲ್ಲ, ಕೆಲಸದಲ್ಲಿರೋರು ಎಷ್ಟೋ ಜನ ವಿಡಿಯೋ ಮಾಡಿಸಿರಲ್ಲ, ಅಂಥವರ ಬಗ್ಗೆ ಹಿಂದೆ ಕರೆಸಿದ್ದ ಆಯೋಜಕರಿಗೆ ಫೋನ್ ಮಾಡಿ. "ಹೇಗೆ ಮಾತಾಡಿದ್ರು" ಅಂತ ಕೇಳಿದ್ರೆ "ಚೆನ್ನಾಗಿ" ಅಂತಾರೆ, ಅಲ್ಲಿಗೆ ಮುಗೀತು. "ಟೈಮಿಗೆ ಮುಗಿಸಿದ್ರಾ, ಮುಗಿದ ಮೇಲೆ ಜನ ಅವರ ಸುತ್ತ ನಿಂತಿದ್ರಾ, ಮತ್ತೆ ಕರೀತೀರಾ" ಅಂತ ಕೇಳಿ.

ಹಂತ 6: ಇಪ್ಪತ್ತು ನಿಮಿಷದ ಫೋನ್ ಕಾಲ್

ಬಹಳ ಜನ ಈ ಹಂತ ಬಿಟ್ಟುಬಿಡ್ತಾರೆ, ಯಾಕಂದ್ರೆ ದೊಡ್ಡವರನ್ನ ಪರೀಕ್ಷೆ ಮಾಡೋ ಹಾಗಾಗುತ್ತೆ ಅಂತ ಸಂಕೋಚ. ಪರೀಕ್ಷೆ ಥರ ಕೇಳಬೇಡಿ. "ಸರ್, ನಮ್ಮ ಮೆಂಬರ್ಸ್ ಹಿಂಗೆ ಕೇಳ್ತಿದ್ದಾರೆ, ನೀವು ಸೆಷನಲ್ಲಿ ಇದಕ್ಕೆ ಏನು ಹೇಳ್ತೀರ" ಅಂತ ಹಂತ 2ರ ಪ್ರಶ್ನೆಗಳನ್ನೇ ಓದಿ. ವಿಷಯ ಗೊತ್ತಿರೋ ಮೆಂಬರನ್ನ ಸ್ಪೀಕರ್ ಫೋನ್ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಯಾರ್ಯಾರು ಕೇಳಿಸ್ಕೊಳ್ತಿದ್ದೀವಿ ಅಂತ ಮೊದಲೇ ಹೇಳಿಬಿಡಿ.

ನಮ್ಮ ವಿಷಯದಲ್ಲಿ ನಾನಾದ್ರೆ ಇವನ್ನ ಕೇಳ್ತೀನಿ.

"ಬರವಣಿಗೆಯಲ್ಲಿ ಏನೂ ಇಲ್ಲ, ಬಾಯಿಮಾತಿನ ಆರ್ಡರು. ಎಷ್ಟು ದಿನದ ಲೆಕ್ಕ ಸರ್?" ಪಾರ್ಟಿ ದುಡ್ಡು ಕೊಡೋಕೆ ಇರೋ ಗಡುವು ಎಷ್ಟು ಅನ್ನೋದು ಪ್ರಶ್ನೆ, ಸರಿ ಉತ್ತರ 15 ದಿನ. ಲಿಖಿತ ಒಪ್ಪಂದ ಇದ್ರೆ ಅದರಲ್ಲಿ ಇರೋಷ್ಟು ದಿನ, ಆದ್ರೆ 45 ಮೀರೋ ಹಾಗಿಲ್ಲ, ಪರ್ಚೇಸ್ ಆರ್ಡರಲ್ಲಿ 90 ದಿನ ಅಂತ ಬರೆದಿದ್ರೂ ಅಷ್ಟೇ. ಯಾರಾದ್ರೂ ಸೀದಾ "45 ದಿನ" ಅಂತ ಹೇಳಿ ಮುಂದೆ ಹೋದ್ರೆ ಅವರು ಪೇಪರ್ ಹೆಡ್‌ಲೈನ್ ಓದ್ಕೊಂಡಿದ್ದಾರೆ ಅಂತ ಅರ್ಥ.

"ನಮ್ಮಲ್ಲಿ ಟ್ರೇಡಿಂಗ್ ಮಾಡೋರೂ ಇದ್ದಾರೆ, ಉದ್ಯಮ್ ಸರ್ಟಿಫಿಕೇಟ್ ಇದೆ, ಅವರಿಗೂ ಇದು ಸಿಗುತ್ತಾ?" ಉದ್ಯಮ್ ಅಂದ್ರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡೋ ನೋಂದಣಿ, ವ್ಯಾಪಾರಿಗಳಿಗೆ ಅದನ್ನ ಕೊಟ್ಟಿರೋದು ಬ್ಯಾಂಕಿನ ಆದ್ಯತಾ ವಲಯದ ಸಾಲದ ಸೌಲಭ್ಯಕ್ಕೆ ಮಾತ್ರ. ಇದು ಗೊತ್ತಿಲ್ದೇ "ಎಲ್ಲರಿಗೂ ಸಿಗುತ್ತೆ" ಅಂತ ವೇದಿಕೆ ಮೇಲೆ ಹೇಳಿ ಹೋದ್ರೆ ಆಮೇಲೆ ಮೆಂಬರ್ಸ್ ಹಿಡ್ಕೊಳ್ಳೋದು ಅವರನ್ನಲ್ಲ, ನಿಮ್ಮನ್ನ.

"ಸಪ್ಲೈ ಮಾಡಿದ ಮೇಲೆ ಉದ್ಯಮ್ ಮಾಡಿಸಿದ್ರೆ ಹಳೇ ಬಿಲ್ಲಿಗೂ ಅನ್ವಯ ಆಗುತ್ತಾ?" ಇದಕ್ಕೆ ಥಟ್ ಅಂತ ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಉತ್ತರ ಬಂದ್ರೆ ಹುಷಾರಾಗಿ. ಸುಪ್ರೀಂ ಕೋರ್ಟ್ ತನಕ ಹೋಗಿರೋ ವಿಷಯ ಇದು, ಗೊತ್ತಿರೋರು ತೀರ್ಪುಗಳ ಬಗ್ಗೆ ಮಾತಾಡ್ತಾರೆ, ಬಿಲ್ ತಾರೀಕು ಯಾವುದು ಅಂತ ಕೇಳ್ತಾರೆ.

ಕೊನೆಗೆ ಇದನ್ನ ಕೇಳಲೇಬೇಕು: "ಕೇಸ್ ಹಾಕಿದ್ರೆ ಆ ಕಂಪನಿಯವ್ರು ಮುಂದೆ ಆರ್ಡರ್ ಕೊಡೋದೇ ನಿಲ್ಸಿಬಿಟ್ರೆ?" ಇದಕ್ಕೆ ಕಾಯ್ದೆಯಲ್ಲಿ ಉತ್ತರ ಇಲ್ಲ. ಆದ್ರೆ ಹಾಲಲ್ಲಿ ಕೂತಿರೋ ಅಷ್ಟೂ ಜನರ ಮನಸ್ಸಲ್ಲಿರೋ ಪ್ರಶ್ನೆ ಇದೊಂದೇ. ಬರೀ ಪಿಪಿಟಿ ಓದೋರು ಇಲ್ಲಿ ಸೆಕ್ಷನ್ 16ರ ಬಡ್ಡಿ ಲೆಕ್ಕ ಶುರು ಮಾಡ್ತಾರೆ, ಬ್ಯಾಂಕ್ ರೇಟಿನ ಮೂರು ಪಟ್ಟು, ತಿಂಗಳು ತಿಂಗಳು ಚಕ್ರಬಡ್ಡಿ ಅಂತ. ಸರಿಯಾದ ಮಾಹಿತಿನೇ, ಆದ್ರೆ ಕೇಳಿದ್ದು ಅದಲ್ಲ. ಕೆಲಸ ಮಾಡಿರೋರು ಒಂದು ಕ್ಷಣ ಸುಮ್ನಾಗ್ತಾರೆ, ಆಮೇಲೆ "ನೋಡಿ, ಆ ಪಾರ್ಟಿ ನಿಮ್ಮ ಟರ್ನೋವರಲ್ಲಿ ಎಷ್ಟು ಪಾಲು" ಅಂತ ಕೇಳ್ತಾರೆ, 250 ಕೋಟಿ ಮೇಲೆ ವಹಿವಾಟು ಇರೋ ಕಂಪನಿ ಆದ್ರೆ ಸಣ್ಣ ಉದ್ಯಮಗಳ ಬಿಲ್ಲಿಗೆ ಮೊದಲೇ ದುಡ್ಡು ಕೊಡಿಸೋ ಆನ್‌ಲೈನ್ ವೇದಿಕೆ ಟ್ರೆಡ್ಸ್‌ನಲ್ಲಿ ನೋಂದಣಿ ಕಡ್ಡಾಯ, ಜಗಳ ಇಲ್ದೇ ಅಲ್ಲಿ ಬಿಲ್ ಡಿಸ್ಕೌಂಟ್ ಮಾಡಿಸ್ಕೊಳ್ಳೋ ದಾರಿ ಇದೆಯಾ ನೋಡೋಣ ಅಂತಾರೆ. ಅವರನ್ನ ಫಿಕ್ಸ್ ಮಾಡಿ.

ಫೋನಲ್ಲೇ ಸಿಗೋ ಬೇರೆ ಸೂಚನೆಗಳೂ ಇವೆ. ಕೇಳೋರು ಯಾರು ಅಂತ ಅವರು ಒಂದ್ಸಲನೂ ಕೇಳ್ಲಿಲ್ಲ ಅಂದ್ರೆ ಎಲ್ಲಾ ಕಡೆ ಒಂದೇ ಭಾಷಣ. ಫೀಸಿನ ಮಾತು ಮೊದಲು ಬಂದ್ರೆ ತಪ್ಪೇನಿಲ್ಲ, ಅವರ ಕಸುಬು ಅದು. ಆದ್ರೆ ಮಧ್ಯೆ "ನನ್ನ ಕೋರ್ಸ್ ಬಗ್ಗೆ ಹತ್ತು ನಿಮಿಷ ಹೇಳ್ತೀನಿ" ಅಂತ ಬಂದ್ರೆ ನಿಮ್ಮ ಸೆಮಿನಾರು ಅವರ ಅಂಗಡಿ ಆಗುತ್ತೆ. ಮುಲಾಜಿಲ್ದೇ ಬೇಡ ಅನ್ನಿ.

ಹಂತ 7: ಹಳೇ ಸ್ಲೈಡ್ ಹಿಡಿಯೋದು

ಒಪ್ಕೊಂಡ ಮೇಲೆ ಹತ್ತು ದಿನ ಮುಂಚೆ ಸ್ಲೈಡ್ ಕಳಿಸೋಕೆ ಹೇಳಿ. ನಿಮ್ಮ ವಿಷಯದಲ್ಲಿ ಇತ್ತೀಚೆಗೆ ಬದಲಾಗಿರೋ ಎರಡು ಅಂಕಿ ಗೊತ್ತಿದ್ರೆ ಸಾಕು, ಸ್ಲೈಡ್ ಹಳೇದಾ ಹೊಸದಾ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ನಮ್ಮ ವಿಷಯದಲ್ಲಿ 2025ರ ಏಪ್ರಿಲ್ 1ರಿಂದ ಮೈಕ್ರೋ ಅಂದ್ರೆ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ತನಕ. ಸ್ಲೈಡಲ್ಲಿ ಇನ್ನೂ 1 ಕೋಟಿ, 5 ಕೋಟಿ ಅಂತಿದ್ರೆ ಅದು ಹಳೇ ಫೈಲು. ಹಾಗೇ ಸಣ್ಣ ಉದ್ಯಮಗಳಿಗೆ ಟೈಮಿಗೆ ದುಡ್ಡು ಕೊಡದ ಪಾರ್ಟಿಗೆ ತೆರಿಗೆ ಲೆಕ್ಕದಲ್ಲಿ ಪೆಟ್ಟು ಕೊಡೋ, ಎಲ್ಲರ ಬಾಯಲ್ಲಿರೋ 43ಬಿ(ಎಚ್) ಅನ್ನೋದು 1961ರ ಆದಾಯ ತೆರಿಗೆ ಕಾಯ್ದೆಯ ನಂಬರ್ರು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಸೆಕ್ಷನ್ ನಂಬರ್‌ಗಳೆಲ್ಲ ಬೇರೆ. ಬರೀ ಹಳೇ ನಂಬರ್ ಹಾಕ್ಕೊಂಡು ಬರೋರಿಗೆ ಮೆತ್ತಗೆ ಹೇಳಿ. ಒಳ್ಳೆಯವರು ಥ್ಯಾಂಕ್ಸ್ ಹೇಳಿ ಸರಿ ಮಾಡ್ತಾರೆ. ಸಿಟ್ಟಾದ್ರೆ ಇನ್ನೂ ಹತ್ತು ದಿನ ಇದೆ, ಬೇರೆಯವರನ್ನ ನೋಡ್ಕೋಬಹುದು.

ಹಂತ 8: ದುಡ್ಡಿನ ಮಾತು ಬರವಣಿಗೆಯಲ್ಲಿ

"ನಿಮ್ಮ ಮನಸ್ಸಿಗೆ ಬಂದಷ್ಟು ಕೊಡಿ" ಅನ್ನೋ ಮಾತು ಆಮೇಲೆ ಎರಡೂ ಕಡೆ ಬೇಜಾರು ತರುತ್ತೆ. ಫೀಸು, ಪ್ರಯಾಣ, ರೂಮು ಎಲ್ಲಾ ಒಂದು ಮೇಲಲ್ಲಿ ಬರೀರಿ. ಹೇಳಿದ ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯಾ ಕೇಳಿ. ಉದಾಹರಣೆಗೆ ಫೀಸು 60,000 ರೂಪಾಯಿ, ಅವರು ಜಿಎಸ್‌ಟಿ ನೋಂದಣಿ ಇರೋರು ಅಂದ್ಕೊಳ್ಳಿ. ಶೇ. 18 ಸೇರಿ ಬಿಲ್ 70,800 ಆಗುತ್ತೆ. ಪ್ರೊಫೆಶನಲ್ ಫೀಸು ವರ್ಷಕ್ಕೆ 50,000 ದಾಟಿದ್ರೆ ಸಂಘ ಶೇ. 10 ಟಿಡಿಎಸ್ (ಕೊಡೋವಾಗ್ಲೇ ಕಳೆಯೋ ತೆರಿಗೆ) ಹಿಡೀಬೇಕು, ಬಿಲ್ಲಲ್ಲಿ ಜಿಎಸ್‌ಟಿ ಬೇರೆ ತೋರಿಸಿದ್ರೆ ಟಿಡಿಎಸ್ ಲೆಕ್ಕ 60,000ಕ್ಕೆ ಮಾತ್ರ, ಅಂದ್ರೆ 6,000. ಅವರ ಖಾತೆಗೆ ಹೋಗೋದು 64,800. ಈ ಲೆಕ್ಕ ಮೊದಲೇ ಹೇಳದೇ ಇದ್ರೆ "ಎಪ್ಪತ್ತರ ಬಿಲ್ ಕೊಟ್ಟಿದ್ದೆ, ಅರವತ್ನಾಲ್ಕೇ ಬಂತು" ಅನ್ನೋ ಥರದ ಫೋನ್ ಬಂದೇ ಬರುತ್ತೆ. ಸಂಘಕ್ಕೆ ಟಿಡಿಎಸ್ ಕಟ್ಟೋಕೆ ಬೇಕಾದ ಟ್ಯಾನ್ ನಂಬರ್ ಇದೆಯಾ ಅಂತ ಟ್ರೆಷರರನ್ನ ಈಗ್ಲೇ ಕೇಳಿಡಿ.

ಸರ್ಕಾರಿ ಅಧಿಕಾರಿಗಳನ್ನ ಕರೆದ್ರೆ ಫೀಸು ಕೊಡೋಕೆ ಮುಂಚೆ ಅವರ ಇಲಾಖೆ ಅನುಮತಿ ಬೇಕಾಗುತ್ತಾ ಅಂತ ಅವರನ್ನೇ ಕೇಳಿ. ಕವರಲ್ಲಿ ಹಾಕಿ ಕೈಗೆ ತುರುಕೋ ಅಭ್ಯಾಸ ಬಿಡಿ.

ಬಾಕಿ ಪೇಮೆಂಟ್ ಬಗ್ಗೆ ಸೆಮಿನಾರ್ ಮಾಡಿ ಭಾಷಣಕಾರರ ಪೇಮೆಂಟನ್ನೇ ಎರಡು ತಿಂಗಳು ಬಾಕಿ ಇಟ್ಟ ಸಂಘಗಳೂ ಇವೆ, ಹೆಸರು ಬೇಡ.

ಹಂತ 9: ಒಂದು ಪುಟದ ಬ್ರೀಫು

ಸ್ಪೀಕರಿಗೆ ಕಳಿಸೋ ಕಾಗದ ಒಂದೇ ಪುಟ ಇರಲಿ. ಹಂತ 1ರ ವಾಕ್ಯ, ಎಷ್ಟು ಜನ, ಯಾವ ಥರದ ಉದ್ಯಮ, ಯಾವ ಭಾಷೆ, ಮೆಂಬರ್ಸ್ ಕೇಳಿದ ಐದು ಪ್ರಶ್ನೆ ಅವರ ಮಾತಲ್ಲೇ, ಮಾತಿಗೆ ಎಷ್ಟು ನಿಮಿಷ, ಪ್ರಶ್ನೆಗೆ ಎಷ್ಟು ನಿಮಿಷ. ನಲವತ್ತು ನಿಮಿಷ ಮಾತು, ಮೂವತ್ತು ನಿಮಿಷ ಪ್ರಶ್ನೆ ಅನ್ನೋದು ಇಂಥ ವಿಷಯಕ್ಕೆ ಒಳ್ಳೇ ಹಂಚಿಕೆ. "ಒಂದೂವರೆ ಗಂಟೆ ನಿಮ್ದೇ ಸರ್" ಅಂತ ಬಿಟ್ಟುಕೊಟ್ರೆ ಒಂದೂವರೆ ಗಂಟೆನೂ ಮಾತೇ ಆಗುತ್ತೆ. ಹೇಳಬಾರದ್ದೂ ಬರೀರಿ: ಮೆಂಬರ್‌ಗಳ ಯಾವ ಗಿರಾಕಿ ಕಂಪನಿ ಹೆಸರೂ ವೇದಿಕೆ ಮೇಲೆ ಬರಬಾರ್ದು. ಹಾಲಲ್ಲೇ ಅವರ ವೆಂಡರ್ ಡೆವಲಪ್‌ಮೆಂಟ್‌ನವರು ಕೂತಿರಬಹುದು.

ಹಂತ 10: ಹಿಂದಿನ ದಿನ ಮತ್ತು ಆ ದಿನ

ಬೆಂಗಳೂರಿಂದ ಬರೋರಾದ್ರೆ ಹಿಂದಿನ ರಾತ್ರಿನೇ ಬಂದಿರಲಿ. ಬೆಳಿಗ್ಗೆ ವಂದೇ ಭಾರತಲ್ಲಿ ಬರ್ತೀನಿ ಅಂತಾರೆ, ಅದು ಹುಬ್ಬಳ್ಳಿ ಮುಟ್ಟೋದೇ ಹನ್ನೊಂದರ ಆಸುಪಾಸು, ಹತ್ತೂವರೆ ಸೆಷನಿಗೆ ಅದು ಆಗೋ ಮಾತಲ್ಲ. ಮಂಗಳೂರು ಕಡೆ ಕಾರ್ಯಕ್ರಮ ಆದ್ರೆ ಮಳೆಗಾಲದಲ್ಲಿ ಶಿರಾಡಿ ಘಾಟ್ ನಂಬ್ಕೊಂಡು ಅದೇ ದಿನ ಬೆಳಿಗ್ಗೆ ಯಾರನ್ನೂ ಹೊರಡಿಸಬೇಡಿ.

ಸ್ಲೈಡನ್ನ ಹಾಲಿನ ಲ್ಯಾಪ್‌ಟಾಪಲ್ಲೇ ಹಿಂದಿನ ದಿನ ಓಡಿಸಿ ನೋಡಿ, ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿರೋ ಕನ್ನಡ ಆದ್ರಂತೂ ಕಡ್ಡಾಯ, ಆ ಫಾಂಟ್ ಇಲ್ಲದ ಮಷಿನಲ್ಲಿ ಬರೀ ಗೀಚು ಗೀಚು ಬರುತ್ತೆ. ಪಿಡಿಎಫ್ ಒಂದು ಪೆನ್‌ಡ್ರೈವಲ್ಲಿ ಇಟ್ಕೊಂಡಿರಿ. ಕಾಲರ್ ಮೈಕಿಗೆ ಹೊಸ ಸೆಲ್ಲು, ಜೊತೆಗೆ ಒಂದು ಕೈ ಮೈಕು, ಸಭಿಕರ ಮಧ್ಯೆ ಓಡಾಡೋಕೆ ಇನ್ನೊಂದು. ಪ್ರಶ್ನೆ ಕೇಳೋರಿಗೆ ಮೈಕ್ ಕೊಡದೇ ಹೋದ್ರೆ ಮುಂದಿನ ಎರಡು ಸಾಲಿನವರು ಮಾತ್ರ ಮಾತಾಡ್ಕೊಳ್ತಿರ್ತಾರೆ.

ಪರಿಚಯ ಎರಡು ನಿಮಿಷ ಮೀರಬಾರ್ದು. ಅವರ ಎಲ್ಲಾ ಡಿಗ್ರಿ ಪ್ರಶಸ್ತಿ ಓದೋ ಬದ್ಲು ಈ ವಿಷಯದಲ್ಲಿ ಅವರು ಏನು ಮಾಡಿದ್ದಾರೆ ಅಷ್ಟೇ ಹೇಳಿ. ನಿರೂಪಕರ ಕೈಗೆ ಆ ನಾಲ್ಕು ಸಾಲು ನೀವೇ ಬರೆದುಕೊಡಿ.

ಕೈ ಕೊಟ್ರೆ? ಊರಲ್ಲೇ ಇರೋ ಇಬ್ಬರನ್ನ, ಒಬ್ಬ ಸಿಎ ಮತ್ತೆ ಕೇಸ್ ಗೆದ್ದಿರೋ ಒಬ್ಬ ಮಾಲೀಕರನ್ನ, ಮೊದಲೇ ಕೇಳಿಟ್ಕೊಂಡಿರಿ. "ಅಗತ್ಯ ಬಿದ್ರೆ ಕರೀತೀವಿ" ಅಂತ ನೇರವಾಗಿ ಹೇಳಿದ್ರೆ ಯಾರೂ ತಪ್ಪು ತಿಳ್ಕೊಳ್ಳಲ್ಲ. ಇಬ್ಬರನ್ನೂ ಕೂರಿಸಿ ಮೆಂಬರ್ಸ್ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳ್ತಾ ಹೋದ್ರೆ, ನಿಜ ಹೇಳಬೇಕಂದ್ರೆ, ಎಷ್ಟೋ ಸಲ ಅದೇ ಮೂಲ ಕಾರ್ಯಕ್ರಮಕ್ಕಿಂತ ಚೆನ್ನಾಗಿ ಆಗುತ್ತೆ.

ಹಂತ 11: ಮುಗಿದ ಮೇಲೆ

ಊಟದ ಲೈನಲ್ಲಿ ತುಂಬಿಸೋ ಫೀಡ್‌ಬ್ಯಾಕ್ ಫಾರ್ಮಲ್ಲಿ ಎಲ್ಲರೂ "ಎಕ್ಸಲೆಂಟ್" ಅಂತ ಟಿಕ್ ಮಾಡ್ತಾರೆ, ಅದನ್ನ ನಂಬಬೇಡಿ. ಒಂದು ತಿಂಗಳು ಬಿಟ್ಟು ಹತ್ತು ಮೆಂಬರಿಗೆ ಫೋನ್ ಮಾಡಿ ಮೂರೇ ವಿಷಯ ಕೇಳಿ: ಬಾಕಿ ಪಟ್ಟಿ ಮಾಡಿದ್ರಾ, ಯಾರಿಗಾದ್ರೂ ನೋಟಿಸ್ ಹೋಯ್ತಾ, ಸ್ಪೀಕರಿಗೆ ಆಮೇಲೆ ಯಾರಾದ್ರೂ ಫೋನ್ ಮಾಡಿದ್ರಾ. ಬಂದ ಉತ್ತರನ ಅದೇ ಎಕ್ಸೆಲ್ ಶೀಟಲ್ಲಿ ಆ ಸ್ಪೀಕರ್ ಹೆಸರಿನ ಮುಂದೆ ಬರೆದು, ಮುಂದಿನ ವರ್ಷದ ಸೆಕ್ರೆಟರಿಗೆ ಶೇರ್ ಮಾಡಿಬಿಡಿ.